ಬಾಳೆಹಣ್ಣು ಬಂತು, ಅಪ್ಪ ಬರಲಿಲ್ಲ

ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಾದು ಈಗ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮೊದಲೆಲ್ಲ ಕೇಳುತ್ತಿದ್ದ. "ಸಾ, ಇದು ಬನ್ನೂರ್ ಕಡೀಕ್ ಓಯ್ತದಾ ಸಾ?" ಎಂದರೆ ಕೆಲವರು ಹೇಳುತ್ತಿದ್ದರು. ಕೆಲವರು ಮೇಲಿಂದ ಕೆಳಗೆ ನೋಡಿ, "ಬೋರ್ಡ್ ಐತಲ್ಲಪ್ಪ, ನೋಡು" ಎನ್ನುತ್ತಿದ್ದರು. ಬೋರ್ಡು ಇರುವುದು ಮಾದುವಿಗೂ ಕಾಣುತ್ತಿತ್ತು. ಓದಲು ಬರುತ್ತಿರಲಿಲ್ಲ, ಅಷ್ಟೇ. ಮಗಳು ಭಾನುಪ್ರಿಯಾ ಅಕ್ಷರ ಕಲಿತ ಮೇಲೆ ಆ ಕಷ್ಟ ತಪ್ಪಿತು. ಪೇಟೆಗೆ ಹೋಗುವಾಗಲೆಲ್ಲ ಅವಳನ್ನು ಕರೆದುಕೊಂಡು ಹೋಗುವನು. ಓದುವ ಮಗಳು ಪಕ್ಕದಲ್ಲಿದ್ದರೆ ಅವನ ನಡಿಗೆಯೇ ಬೇರೆ.

ಆ ಭಾನುವಾರ ಇಬ್ಬರೂ ಸೋಮನಾಥಪುರದ ಹತ್ತಿರದ ತಮ್ಮ ಊರಿನಿಂದ ಹುಳುಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ತರಲು ಬಂದಿದ್ದರು. ಮಾದು ರೇಷ್ಮೆ ಹುಳು ಸಾಕುವವನು. ಹುಳುಮನೆ ಶುದ್ಧವಾಗಿಲ್ಲದಿದ್ದರೆ ಬೆಳೆ ಕೈಗೆ ಬರುವುದಿಲ್ಲ.

"ಭಾನು, ನಮ್ ಬಸ್ ಬಂತಾ ನೋಡವ್ವ" ಎಂದ ಮಾದು.

ಭಾನು ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ನೋಡಿದಳು. "ಅದೇ ಕಣಪ್ಪ, ಆ ಮೂಲೇಲಿ ನಿಂತದಲ್ಲ" ಎಂದಳು.

ಚೀಲ ಹೊತ್ತು ಹತ್ತಿದರು, ಸೀಟೂ ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದು, "ಸೋಮನಾಥಪುರದ ಹತ್ರಾನಾ? ಯಜಮಾನ್ರೇ, ಇದು ತಲಕಾಡು ಬಸ್ಸು" ಎಂದ. ಹಿಂದಿನ ಸೀಟಿನವನೊಬ್ಬ ಸುಮ್ಮನಿರಲಾರದೆ, "ಮಗಳು ಎಷ್ಟ್ನೇ ಕ್ಲಾಸಪ್ಪ?" ಎಂದು ಕೇಳಿದ. "ಏಳು" ಎಂದ ಮಾದು. "ಏಳ್ನೇ ಕ್ಲಾಸಿನ ಮಗೀಗೆ ಬಸ್ ಬೋರ್ಡ್ ಓದಕ್ ಬರಕಿಲ್ವಾ?" ಎಂದು ಅವನು ನಕ್ಕ. ನಾಲ್ಕಾರು ಜನ ಜೊತೆಗೆ ನಕ್ಕರು.

ಇಳಿದು ಬಿಸಿಲಿನಲ್ಲಿ ವಾಪಸು ನಡೆದರು. ಮಾದು ದಾರಿಯುದ್ದಕ್ಕೂ ಮಗಳನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಭಾನುವಿಗೆ.

ಮನೆಗೆ ಬಂದು ಚೀಲ ಇಳಿಸಿ ಅವನು ಹೆಂಡತಿ ವನಿತಾಗೆ ಹೇಳಿದ್ದು ಒಂದೇ ಮಾತು. "ಈ ವರ್ಸಕ್ ಸಾಕು ಕಣೆ. ಏಳ್ನೇದು ಮುಗೀಲಿ, ಬುಡುಸ್ಬುಡಣ. ಬೋರ್ಡೇ ಓದಕ್ ಬರ್ದೋಳು ಐಸ್ಕೂಲಿಗೆ ಅಂತ ದಿನಾ ನರಸೀಪುರದ ಬಸ್ ಅತ್ತಿ ಎಲ್ಲಿಗ್ ಓಯ್ತಾಳೆ?"

ಒಳಗೆ ಹುಳದ ತಟ್ಟೆಯ ಮುಂದೆ ಕೂತಿದ್ದ ಭಾನುವಿಗೆ ಅದು ಕೇಳಿಸಿತು. ಅವಳಿಗೆ ಹೈಸ್ಕೂಲಿಗೆ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಬಸ್ಸಿನಲ್ಲಿ ಅಪ್ಪನ ಮುಖ ಸಣ್ಣಗಾಗಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದಳು. ಇನ್ನು ಯಾವ ಬಾಯಲ್ಲಿ ಕೇಳುವುದು? ಸುಮ್ಮನೆ ತಟ್ಟೆಗೆ ಬಗ್ಗಿ ರೋಗದ ಹುಳು ಆರಿಸತೊಡಗಿದಳು. ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ಸಾವಿರ ಹುಳುಗಳ ನಡುವೆ ಒಂದರ ಮೈ ಬಣ್ಣ ಕೊಂಚ ಕೆಟ್ಟರೂ ಹಿಡಿದು ತೆಗೆದುಬಿಡುವಳು.

ಆ ವಾರವೇ ಶಾಲೆಯಿಂದ ಹೇಳಿಕೆ ಬಂತು, ನಾಳೆ ಪೋಷಕರ ಸಭೆ, ತಪ್ಪದೆ ಬರಬೇಕು ಎಂದು.

ಈ ಸಭೆಗೆ ಮಾದುವಿನ ಬಳಿ ಒಂದು ಖಾಯಂ ಉಪಾಯವಿತ್ತು. ಹಿತ್ತಲಲ್ಲಿ ನಾಲ್ಕು ನಂಜನಗೂಡು ರಸಬಾಳೆ ಗಿಡ ಇದ್ದವು. ವನಿತಾಳ ತವರು ದೇವನೂರಿನಿಂದ ತಂದು ನೆಟ್ಟ ಕಂದು. ಶಾಲೆಯಿಂದ ಕರೆ ಬಂದಾಗಲೆಲ್ಲ ಒಂದು ಚಿಪ್ಪು ಹಣ್ಣನ್ನು ಮಗಳ ಕೈಯಲ್ಲಿ ಕಳಿಸಿಬಿಡುವನು. ಹಣ್ಣು ಹೋದರೆ ತಾನು ಹೋದಂತೆಯೇ ಎಂಬುದು ಅವನ ಲೆಕ್ಕ. ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಆ ಶಾಲೆಯ ಮೇಷ್ಟ್ರುಗಳು ಅವನ ಹಣ್ಣು ತಿಂದಿದ್ದರೇ ಹೊರತು ಅವನನ್ನು ಕಂಡಿರಲಿಲ್ಲ. ಮಹಾರಾಯ ನಿಜಕ್ಕೂ ಹೆದರುತ್ತಿದ್ದ. ಅವನು ಹುಡುಗನಾಗಿದ್ದಾಗ, ಮಗ ತಂಟೆ ಮಾಡಿದರೆ ಮಾತ್ರ ಅಪ್ಪಂದಿರನ್ನು ಶಾಲೆಗೆ ಕರೆಸುತ್ತಿದ್ದರು. ಆ ಭಯ ಇನ್ನೂ ಹೊಟ್ಟೆಯೊಳಗೇ ಕೂತಿತ್ತು.

ಸಂಜೆ ಅವನು ಬುಟ್ಟಿಗೆ ಹಣ್ಣು ಜೋಡಿಸುತ್ತಿದ್ದಾಗ ಹೇಮಲತಾ ಬಂದಳು. ಊರಿನ ಆಶಾ ಕಾರ್ಯಕರ್ತೆ. ಪಕ್ಕದ ಮನೆಯವಳು, ಮಾದುವಿಗಿಂತ ದೊಡ್ಡವಳು. ಎಲ್ಲರಿಗೂ ಹೇಮಕ್ಕ.

"ಏನಪ್ಪ ಮಾದು, ಯಾವ ನೆಂಟರ ಮನೆಗೆ ಹೊರಟದೆ ಬುಟ್ಟಿ?"

"ಇಸ್ಕೂಲಿಗೆ ಕಣಕ್ಕ. ನಾಳೆ ಮೀಟಿಂಗಂತೆ. ಭಾನು ಕೈಲಿ ಕಳಿಸ್ತೀನಿ."

"ಮೇಷ್ಟ್ರು ಕರ್ದಿರೋದು ನಿನ್ನನ್ನೋ, ಬಾಳೆಹಣ್ಣನ್ನೋ?"

"ನಾನ್ ಓಗಿ ಏನ್ ಮಾಡ್ಲಕ್ಕ? ನಂಗೆ ಓದಕ್ ಬತ್ತದಾ, ಬರಿಯಕ್ ಬತ್ತದಾ? ಅವ್ರು ಏನೋ ಯೋಳ್ತಾರೆ, ನಾನ್ ಸುಮ್ಕೆ ತಲೆ ಆಡುಸ್ಬೇಕು. ಮಗೀನ ಮೇಷ್ಟ್ರ ಕೈಗೆ ಒಪ್ಸಿದ್ದೀನಿ. ಓದ್ಸೋದು ಅವ್ರ ಕೆಲ್ಸ, ಸಾಕೋದು ನಮ್ ಕೆಲ್ಸ."

ಹೇಮಕ್ಕ ಜಗಲಿಯ ಮೇಲೆ ಕೂತಳು. ಅವಳು ಕೂತಳೆಂದರೆ ಬೇಗ ಏಳುವುದಿಲ್ಲ ಎಂದು ಊರಿಗೆಲ್ಲ ಗೊತ್ತು.

"ಚಾಕಿ ಸೆಂಟರಿಂದ ಮರಿ ಹುಳ ತತ್ತೀಯಲ್ಲ, ಎಳೇದ್ರಲ್ಲಿ ಅವ್ರೇ ಸಾಕಿ ಎರಡು ಜ್ವರ ಎಬ್ಸಿ ಕೊಟ್ಟವ್ರೆ, ಇನ್ನು ನಂಗೇನು ಅಂತ ಹುಳುಮನೆ ಬಾಗ್ಲು ಹಾಕ್ಕೊಂಡು ಮಲೀಕತ್ತೀಯಾ?"

"ಅದೆಂಗಾಯ್ತದಕ್ಕ. ಆಗಾಗ ಒಳಕ್ ಓಗಿ ನೋಡ್ತಿರ್ಬೇಕು. ಅವು ಮೇಯೋ ಸದ್ದು ಕೇಳುದ್ರೇ ಗೊತ್ತಾಯ್ತದೆ, ಚೆಂದಾಗವೋ ಇಲ್ವೋ ಅಂತ."

"ಅದನ್ನ ಯಾವ ಪುಸ್ತಕ ಓದಿ ಕಲ್ತೆ?"

ಮಾದು ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ.

"ನೋಡಿ ನೋಡಿ ಕಲ್ತೆ ತಾನೆ? ಮಗೀನೂ ಅಂಗೇ ನೋಡ್ಬೇಕು ಕಣಪ್ಪ. ಇಸ್ಕೂಲಲ್ಲಿ ಕಂಡಿದ್ದು ಮೇಷ್ಟ್ರಿಗೆ ಗೊತ್ತು. ಮನೇಲಿ ಕಂಡಿದ್ದು ನಿಂಗೆ ಗೊತ್ತು. ಎರಡನ್ನೂ ಒಂದ್ ಕಡೆ ಕೂತು ಮಾತಾಡೋದು ಯಾವಾಗ?"

ಮಾದು ಕೊನೆಯ ಅಸ್ತ್ರ ತೆಗೆದ. "ಉಳ ಬುಟ್ಟು ಎಂಗ್ ಬರ್ಲಕ್ಕ? ನಾಲ್ಕ್ನೇ ಜ್ವರ ಈಗ."

ಒಳಗಿನಿಂದ ವನಿತಾ ನಗುತ್ತ ಹೊರಗೆ ಬಂದಳು. "ಜ್ವರಕ್ ಕೂತಿರೋ ಉಳ ಸೊಪ್ಪು ಮೂಸಾದೂ ಇಲ್ಲ. ನಾಳೆ ನಮ್ಗೆ ಗೆಯ್ಮೆನೇ ಇಲ್ಲ ಕಣ್ ಹೇಮಕ್ಕ. ಇವ್ರು ನಿಂಗೆ ಕತೆ ಯೋಳ್ತವ್ರೆ."

ರೇಷ್ಮೆ ಸಾಕುವವರಿಗೆ ಇದು ಗೊತ್ತಿರುವ ವಿಷಯ. ಹುಳು ಪೊರೆ ಬಿಡುವಾಗ ತಿನ್ನದೆ, ಅಲುಗದೆ ಕೂತುಬಿಡುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ. ಸಾಕುವವನಿಗೆ ಬಿಡುವು ಎಂದರೆ ಅದೊಂದೇ.

ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡು ಹೊರಟರು. ಮಾದುವಿನ ಕೈಯಲ್ಲಿ ಬುಟ್ಟಿ ಇದ್ದೇ ಇತ್ತು. ಅದಿಲ್ಲದಿದ್ದರೆ ಕೈ ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ.

ಶಾಲೆಯಲ್ಲಿ ಭಾನುವಿನ ಕ್ಲಾಸಿನ ನಟರಾಜ್ ಮೇಷ್ಟ್ರು ಬುಟ್ಟಿ ಕಂಡೇ ಗುರುತು ಹಿಡಿದು ಎದ್ದು ಬಂದು ಕುರ್ಚಿ ಎಳೆದು ಹಾಕಿದರು. "ಕೂತ್ಕೊಳ್ಳಿ ಮಾದು ಅವರೇ. ನಿಮ್ಮ ಹಿತ್ತಲ ಹಣ್ಣಿನ ರುಚಿ ನಮಗೆಲ್ಲ ಗೊತ್ತು. ಪ್ರತಿ ಸಲವೂ ಬಾಳೆಹಣ್ಣು ಬಂತು, ಅಪ್ಪ ಬರಲಿಲ್ಲ. ಇವತ್ತು ಬಂದಿದೀರಿ, ತುಂಬಾ ಸಂತೋಷ."

ಮಾದು ಕುರ್ಚಿಯ ತುದಿಯಲ್ಲಿ ಕೂತ. ಬೈಸಿಕೊಳ್ಳುವುದಕ್ಕಿಂತ ತಾನೇ ಹೇಳಿಬಿಡುವುದು ವಾಸಿ ಎನಿಸಿತು. "ಸಾ, ಇವ್ಳ ತಲೆಗೆ ಓದು ಅತ್ತಾಕಿಲ್ಲ. ಈ ವರ್ಸಕ್ ಬುಡುಸ್ಬುಡ್ತೀನಿ" ಎಂದವನೇ ತಲಕಾಡು ಬಸ್ಸಿನ ಕತೆಯನ್ನೆಲ್ಲ ಹೇಳಿದ. ಭಾನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

ಮೇಷ್ಟ್ರ ಹುಬ್ಬು ಗಂಟಿಕ್ಕಿತು. "ಓದಕ್ಕೆ ಬರಲ್ಲ ಅಂದವರು ಯಾರು? ಪುಸ್ತಕ ಕೈಗೆ ಕೊಟ್ರೆ ಇವಳಷ್ಟು ಸರಾಗವಾಗಿ ಓದೋರು ನಮ್ಮ ಕ್ಲಾಸಲ್ಲೇ ಇಲ್ಲ. ನನ್ನ ತಕರಾರು ಬೇರೆ. ಬೋರ್ಡ್ ಮೇಲೆ ಲೆಕ್ಕ ಬರೆದ್ರೆ ತಪ್ಪು ತಪ್ಪಾಗಿ ಇಳಿಸ್ಕೊತಾಳೆ. ಗಮನ ಇಲ್ಲ ಅಂತ ಬೈದಿದೀನಿ ಕೂಡ. ಅದನ್ನ ಹೇಳಕ್ಕೇ ನಿಮ್ಮನ್ನ ಕರೀತಿದ್ದೆ."

"ಮನೇಲೂ ಅಂಗೇ ಸಾ" ಎಂದಳು ವನಿತಾ. "ಟೀವಿ ಒಳಕ್ಕೇ ನುಗ್ಬುಡ್ತಾಳೆ. ದೂರ ಕೂತ್ಕೊ ಅಂತ ದಿನಾ ಬಯ್ತೀನಿ."

"ಕಣ್ಣೇನಾದ್ರೂ ತೊಂದರೆ ಇದೆಯಾ?"

"ಚೆ, ಕಣ್ಣಿಗೇನಾಗದೆ ಸಾ" ಎಂದ ಮಾದು. ಮಗಳ ಪರವಾಗಿ ಹೇಳಲು ಕೊನೆಗೂ ಒಂದು ಮಾತು ಸಿಕ್ಕಿತ್ತು. "ರೋಗದ್ ಉಳನ ನಮ್ಗಿಂತ ಮುಂಚೆ ಇವ್ಳೇ ಇಡೀತಾಳೆ. ತಟ್ಟೆಗೆ ಮೂಗು ಆನಿಸ್ಕಂಡು ಕೂತಳು ಅಂದ್ರೆ..."

ಮಾತು ಅಲ್ಲಿಗೇ ನಿಂತಿತು. ಮಗಳು ತಟ್ಟೆಗೆ ಮೂಗು ಆನಿಸಿಕೊಂಡು ಕೂರುವುದನ್ನು ಅವನು ಎಷ್ಟು ಕಾಲದಿಂದ ನೋಡುತ್ತಿದ್ದ. ಯಾಕೆ ಹಾಗೆ ಕೂರುತ್ತಾಳೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಮೇಷ್ಟ್ರು ಭಾನುವನ್ನು ಕರೆದು ಪುಸ್ತಕ ಕೊಟ್ಟರು. ಅವಳು ಒಂದು ಪುಟವನ್ನು ಎಲ್ಲೂ ತಡವರಿಸದೆ ಓದಿದಳು. ಮಗಳು ಹೀಗೆ ಓದುವುದನ್ನು ಮಾದು ಕೂತು ಕೇಳಿದ್ದು ಅದೇ ಮೊದಲು. ಆಮೇಲೆ ಅವಳನ್ನು ಅವಳ ಜಾಗಕ್ಕೆ ಕಳಿಸಿದರು. ಎತ್ತರದ ಹುಡುಗಿ ಎಂದು ಕೊಟ್ಟಿದ್ದ ಕೊನೆಯ ಬೆಂಚು. ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಸಾಲು ಬರೆದು, "ಓದು ಪುಟ್ಟ" ಎಂದರು.

ಭಾನು ಕಣ್ಣು ಕಿರಿದು ಮಾಡಿದಳು. ಬಸ್ ಸ್ಟ್ಯಾಂಡಿನಲ್ಲಿ ಮಾಡಿದ ಹಾಗೆಯೇ. "ಬೆಳ್ಳಗೆ ಏನೋ ಕಾಣ್ತದೆ ಸಾ" ಎಂದಳು ಮೆಲ್ಲಗೆ.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಎಲ್ಲಾರ್ಗೂ ಅಂಗೇ ಕಾಣ್ತದೆ ಅನ್ಕಂಡಿದ್ದೆ ಸಾ. ಅವ್ರೆಲ್ಲ ಎಂಗೋ ಊಹೆ ಮಾಡ್ತಾರೆ, ನಂಗೆ ಮಾತ್ರ ಊಹೆ ಮಾಡಕ್ ಬರಲ್ಲ ಅನ್ಕಂಡಿದ್ದೆ."

ವನಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾದು ಕೊನೆಯ ಬೆಂಚಿನ ಕಡೆ ತಿರುಗಿ ಮಗಳನ್ನೇ ನೋಡಿದ. ನೆಟ್ಟಗೆ ಕಾಣಿಸದ ಮಗುವನ್ನು ದಡ್ಡಿ ಎಂದು ತೀರ್ಮಾನ ಮಾಡಿ, ಶಾಲೆ ಬಿಡಿಸಲು ಹೊರಟಿದ್ದನಲ್ಲ. ಇವತ್ತೂ ಹಣ್ಣು ಕಳಿಸಿ ಮನೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತು?

"ನನ್ನ ತಪ್ಪೂ ಇದೆ" ಎಂದರು ಮೇಷ್ಟ್ರು. "ನಾನು ಬೋರ್ಡ್ ನೋಡಿದೆ, ನೀವು ಬಸ್ ನೋಡಿದ್ರಿ, ನಿಮ್ಮ ಮನೆಯವರು ಟೀವಿ ನೋಡಿದ್ರು. ಯಾರೂ ಸೇರಿ ಮಾತಾಡಲಿಲ್ಲ." ಆ ಕ್ಷಣವೇ ಭಾನುವನ್ನು ಮುಂದಿನ ಬೆಂಚಿಗೆ ಕೂರಿಸಿದರು.

"ಸಾ, ನಮ್ಮಂಥ ಓದಕ್ ಬರ್ದೋರು ಮಗೀಗೆ ಏನ್ ಮಾಡ್ಬೋದು?" ಎಂದು ಕೇಳಿದ ಮಾದು. ಈ ಸಲ ಕುರ್ಚಿಯ ತುಂಬ ಕೂತಿದ್ದ.

"ದಿನಾ ಸಂಜೆ ಟೀವಿ ಆರಿಸಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೊಳ್ಳಿ. ಇವತ್ತು ಏನು ಕಲಿತೆ, ನನಗೂ ಹೇಳ್ಕೊಡು ಅನ್ನಿ. ಅಪ್ಪನಿಗೆ ಹೇಳ್ಕೊಡೋ ಮಗು ಪಾಠ ಮರೆಯಲ್ಲ. ಸೊಪ್ಪು ಕೊಯ್ಯಕ್ಕೆ ಅಂತ ಶಾಲೆ ತಪ್ಪಿಸ್ಬೇಡಿ. ಮಗು ಮಂಕಾಗಿದ್ರೆ, ತಲೆನೋವು ಅಂದ್ರೆ, ನನಗೆ ಬಂದು ಹೇಳಿ. ಇದಕ್ಕೆಲ್ಲ ಅಕ್ಷರ ಬೇಕಿಲ್ಲ."

ಹೇಮಕ್ಕನೇ ಜೊತೆಗೆ ನಿಂತು ಭಾನುವನ್ನು ನರಸೀಪುರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ನೋಡಿ, ಹುಡುಗಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ, ಕನ್ನಡಕ ಹಾಕಿದರೆ ಸರಿ ಎಂದರು. ಕನ್ನಡಕವೂ ಬಂತು. ಹುಡುಗಿಗೆ ಕನ್ನಡಕ ಹಾಕಿದರೆ ಗಂಡು ಸಿಗುವುದಿಲ್ಲ ಎಂದು ಓಣಿಯ ಪಾಪಮ್ಮ ರಾಗ ಎಳೆದಳು. "ಮೊದ್ಲು ಐಸ್ಕೂಲಿಗ್ ಓಗೋ ಬಸ್ ಸಿಗ್ಲಿ ಬುಡು ಪಾಪಮ್ಮತ್ತೆ" ಎಂದ ಮಾದು.

ಮುಂದಿನ ಪೋಷಕರ ಸಭೆ ಬಂದಾಗ ಮನೆಯಲ್ಲಿ ಹೊಸ ಬೆಳೆ ಇತ್ತು. ಹುಳುಗಳು ನಾಲ್ಕನೇ ಜ್ವರ ಎದ್ದು, ಎಷ್ಟು ಸೊಪ್ಪು ಸುರಿದರೂ ಸಾಲದು ಎಂಬಂತೆ ಮೇಯುತ್ತಿದ್ದವು. ಉಸಿರಾಡಲು ಪುರಸೊತ್ತಿಲ್ಲದ ಹೊತ್ತು. ಮಾದು ನಸುಕಿನಲ್ಲೇ ಎದ್ದು ಸೊಪ್ಪು ಕೊಯ್ದು ಹಾಕಿ, ಉಳಿದದ್ದನ್ನು ವನಿತಾಗೆ ಒಪ್ಪಿಸಿ, ಸೊಪ್ಪಿನ ವಾಸನೆಯ ಕೈಯಲ್ಲೇ ಶಾಲೆಗೆ ನಡೆದ. ಬುಟ್ಟಿಯನ್ನು ಮರೆತೇ ಬಿಟ್ಟಿದ್ದ.

ಶಾಲೆಯ ಗೇಟು ಇನ್ನೂ ದೂರವಿತ್ತು. ಅಷ್ಟರಲ್ಲೇ ಕ್ಲಾಸಿನ ಕಿಟಕಿಯಿಂದ ಭಾನು ಪಕ್ಕದವಳಿಗೆ ಕೂಗಿ ಹೇಳುವುದು ಕೇಳಿಸಿತು. "ಅಕೊ, ನಮ್ಮಪ್ಪ ಬತ್ತಾವ್ನೆ. ನಗ್ತಾ ಬತ್ತಾವ್ನೆ ನೋಡು."

ಮಾದು ರಸ್ತೆಯ ನಡುವೆಯೇ ನಿಂತುಬಿಟ್ಟ. ತಾನು ನಗುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಅಷ್ಟು ದೂರದಿಂದ ಮಗಳು ಅವನ ಮುಖ ಕಂಡದ್ದು ಅದೇ ಮೊದಲು. ಅವನು ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದ.

ಈಗ ನಿಮ್ಮ ವಿಷಯಕ್ಕೆ ಬರೋಣ, ಅಪ್ಪಂದಿರೇ, ಅವ್ವಂದಿರೇ. ನಿಮ್ಮ ಮಗುವಿನ ಮೇಷ್ಟ್ರ ಮುಖ ನೀವು ಕಂಡಿದ್ದೀರಾ? ಅವರು ನಿಮ್ಮ ಮುಖ ಕಂಡಿದ್ದಾರಾ? ಓದು ಬಾರದು ಎಂದು ಹಿಂಜರಿಯಬೇಡಿ. ನಿಮ್ಮ ಮಗುವನ್ನು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ನೋಡಿದ್ದನ್ನು ಶಾಲೆಗೆ ಹೋಗಿ ಹೇಳಿ. ಮೇಷ್ಟ್ರು ಹೇಳುವುದನ್ನು ಕೂತು ಕೇಳಿ. ಇವತ್ತು ಸಂಜೆ ಮಗುವಿನ ಪಕ್ಕ ಕೂತು, ಏನು ಕಲಿತೆ ಎಂದು ಒಂದು ಮಾತು ಕೇಳಿ. ಮುಂದಿನ ಪೋಷಕರ ಸಭೆಗೆ ಹಣ್ಣು ಒಯ್ದರೂ ಸರಿ, ಬಿಟ್ಟರೂ ಸರಿ, ನೀವು ಮಾತ್ರ ಹೋಗಿ. ಕಿಟಕಿಯ ಹತ್ತಿರ ಒಂದು ಮಗು ದಾರಿ ನೋಡುತ್ತಿರುತ್ತದೆ.