ಗಾರೆಯ ಮೇಲಿನ ಗಾಜು

ಪುರಸಭೆಯ ಅಧ್ಯಕ್ಷೆಯನ್ನು ಊರಿನವರು ನರ್ಸಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು; ಊರಿನ ಅರ್ಧ ಮತದಾರರನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡವಳು ಅವಳೇ. ಸಭೆಯಲ್ಲಿ ಯಾವನಾದರೂ ಸದಸ್ಯ ಹಾರಾಡಿದರೆ, "ಹುಟ್ಟುವಾಗಲೂ ಹೀಗೇ ಕಿರುಚಿದ್ದೆ ಕಣಪ್ಪಾ, ಕೂತ್ಕೋ" ಎನ್ನುತ್ತಿದ್ದಳು. ಅವನು ತೆಪ್ಪಗೆ ಕೂರುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಪುರಸಭೆಯ ಇಂಜಿನಿಯರು ಕಡತ ಹಿಡಿದು ಬಂದು ಅವಳ ಮೇಜಿನ ಮುಂದೆ ನಿಂತ. ಹೋದಲ್ಲೆಲ್ಲ ಗೋಡೆ ತಟ್ಟಿ ನೋಡುವ ಚಟಕ್ಕೆ ಅವನಿಗೆ ಸುತ್ತಿಗೆ ಎಂದು ಹೆಸರು ಬಿದ್ದಿತ್ತು. ಹಳೆಯ ಕಟ್ಟಡದಲ್ಲಿ ಬಿರುಕು ಕಂಡರೆ ಅದರ ಮೇಲೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಅಂಟಿಸಿ ಬರುವುದು ಅವನ ಕ್ರಮ. ಬಿರುಕು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆದರೆ ಆ ಕಟ್ಟಡಕ್ಕೆ ಬೀಗ.

"ಒಂದು ಗಾಜು ಒಡೆದಿದೆ ಮೇಡಂ."

"ಯಾವ ಕಟ್ಟಡ?"

ಸುತ್ತಿಗೆ ಕಡತವನ್ನು ಅವಳ ಮುಂದಿಟ್ಟ. "ನಿಮ್ಮ ಮಂದಿರಾನೇ. ನಡುವಿನ ದೊಡ್ಡ ತೊಲೆ."

ನರ್ಸಮ್ಮ ಕಂಕುಳ ಕೂಸಾಗಿದ್ದಾಗಿನಿಂದ ಪ್ರಾರ್ಥನೆಗೆ ಹೋಗುತ್ತಿದ್ದ ಮಂದಿರ ಅದು. ಅವಳ ಅಪ್ಪ ಅದಕ್ಕೆ ಕಲ್ಲು ಹೊತ್ತಿದ್ದ. ಈಗ ಅವಳ ಗಂಡ, ಗಡಿಯಾರ ರಿಪೇರಿಯವನು, ಅದರ ಕಾರ್ಯದರ್ಶಿ. ಚುನಾವಣೆಗೆ ಉಳಿದದ್ದು ಏಳು ವಾರ. ಊರಿನಲ್ಲಿ ಅವಳಿಗೆ ಕಣ್ಣು ಮುಚ್ಚಿಕೊಂಡು ಮತ ಹಾಕುವವರು ಯಾರಾದರೂ ಇದ್ದರೆ ಅದು ಆ ಮಂದಿರದವರೇ.

"ಹೋದ ವರ್ಷ ಹಳಿ ಆಚೆಯವರ ಮಂದಿರ ಮುಚ್ಚಿಸಿದ್ವಲ್ಲ, ಅವರಿಗೆ ಎಷ್ಟು ದಿನ ಕೊಟ್ಟಿದ್ವಿ?" ಎಂದು ಕೇಳಿದಳು.

"ಮೂರು ದಿನ."

"ಇಲ್ಲೂ ಮೂರೇ ಬರಿ."

ರೈಲು ಹಳಿಯ ಆ ಕಡೆ ಇರುವವರ ಧರ್ಮವೇ ಬೇರೆ. ಅವರಲ್ಲಿ ನರ್ಸಮ್ಮನಿಗೆ ಮತ ಹಾಕಿದವರು ಬೆರಳೆಣಿಕೆಯಷ್ಟು. ಅವರ ಮಂದಿರದಲ್ಲಿ ಹೆಂಗಸರು ಕೂರಲು ಮರದ ಉಪ್ಪರಿಗೆ ಇತ್ತು. ಅದನ್ನು ಹೊತ್ತ ತೊಲೆಯ ಮೇಲೂ ಹೀಗೇ ಗಾಜು ಒಡೆದಿತ್ತು. ಉಪ್ಪರಿಗೆ ಇಳಿಸಿ, ಆಮೇಲೆ ಬಾಗಿಲು ತೆಗೆಯಿರಿ ಎಂದು ಪುರಸಭೆ ಹೇಳಿತ್ತು. ಅವರು ಚಕಾರ ಎತ್ತದೆ ಇಳಿಸಿದ್ದರು. ಎಷ್ಟು ತಿಳಿವಳಿಕೆಯ ಜನ ಎಂದು ಆಗ ನರ್ಸಮ್ಮ ಮೆಚ್ಚಿಕೊಂಡಿದ್ದಳು.

ಅವಳ ಕಡೆಯವರು ಅಷ್ಟು ತಿಳಿವಳಿಕೆಯವರಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಮನೆಗೆ ಬಂದರೆ ಗಂಡ ಯಾರದೋ ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದ. ತಲೆ ಎತ್ತಲಿಲ್ಲ.

"ಚುನಾವಣೆ ಆಗೋವರೆಗೂ ಆ ಕಡತ ನಿನ್ನ ಡ್ರಾದಲ್ಲಿ ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ತೊಲೆ ಬಿದ್ರೆ?"

"ಎಂಬತ್ತು ವರ್ಷದಿಂದ ಬಿದ್ದಿಲ್ಲ. ನಿನಗೆ ದೇವರಿಗಿಂತ ಸುತ್ತಿಗೆ ಮೇಲೆ ನಂಬಿಕೆ ಜಾಸ್ತಿ ಆಯ್ತು."

"ದೇವರ ಮೇಲೆ ನಂಬಿಕೆ ಇರೋದಕ್ಕೇ ಸಹಿ ಹಾಕ್ದೆ ರೀ. ಅವರಿಗೊಂದು ನಮಗೊಂದು ಮಾಡಿದ್ರೆ ಅವನ ಮುಂದೆ ಯಾವ ಮುಖ ಇಟ್ಕೊಂಡು ಕೂರಲಿ?"

ಗಂಡ ಚಿಮಟದಿಂದ ಒಂದು ಚಕ್ರ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮೂರನೆಯ ದಿನ ತಾನೇ ಹೋಗಿ ಮಂದಿರಕ್ಕೆ ಬೀಗ ಹಾಕಿದ. ಬೀಗದ ಕೈಯನ್ನು ತಂದು, ಅವಳ ಮೇಜಿನ ಮೇಲೆ ಇಟ್ಟು ಹೋದ.

ಪ್ರಾರ್ಥನೆ ಶಾಲೆಯ ಜಗುಲಿಗೆ ಬಂತು. ನರ್ಸಮ್ಮ ಹೋಗಿ ಕೂತರೆ ಅವಳ ಎಡಕ್ಕೂ ಬಲಕ್ಕೂ ಇಬ್ಬಿಬ್ಬರು ಕೂರುವಷ್ಟು ಜಾಗ ಖಾಲಿ. ಅವಳೇ ಹೆರಿಗೆ ಮಾಡಿಸಿದ ಹೆಂಗಸರು ಮುಖ ತಿರುಗಿಸಿದರು. ನೋವಾಯಿತು ನಿಜ. ಆದರೂ ಕಣ್ಣು ಮುಚ್ಚಿದಾಗ ಒಂದು ಸಮಾಧಾನವಿತ್ತು. ನನ್ನ ಕೈಯಿಂದ ಪಕ್ಷಪಾತ ಮಾಡಿಸಲಿಲ್ಲವಲ್ಲ ದೇವರೇ, ಅಷ್ಟು ಸಾಕು, ಎಂದುಕೊಂಡಳು. ಪ್ರತಿ ವಾರವೂ ಇದೇ ಪ್ರಾರ್ಥನೆ. ಸ್ವಲ್ಪ ರುಚಿಯೂ ಹತ್ತಿತ್ತು ಅದರದ್ದು.

ಮಂದಿರದವರು ಸುಮ್ಮನೆ ಕೂರಲಿಲ್ಲ. ದೊಡ್ಡ ಶಹರದಿಂದ ಪರಿಣತನೊಬ್ಬನನ್ನು ಕರೆಸುತ್ತೇವೆ ಎಂದು ಅರ್ಜಿ ಕೊಟ್ಟರು. ಅದು ಅವರ ಹಕ್ಕು ಎಂದು ನರ್ಸಮ್ಮ ಅದಕ್ಕೂ ಸಹಿ ಹಾಕಿದಳು. ಅವನು ಬಂದು, ಏಣಿ ಹತ್ತಿ, ತೊಲೆಯ ಮೇಲಿನ ಗಾರೆಯನ್ನು ಉಳಿಯಿಂದ ಕೆತ್ತಿ ಕೆಡವಿದ. ಒಳಗೆ ತೊಲೆ ಗಟ್ಟಿಮುಟ್ಟಾಗಿತ್ತು. ಬಿರುಕು ಬಿಟ್ಟಿದ್ದದ್ದು ಗಾರೆ ಮಾತ್ರ. ಬಿಸಿಲಿನ ಕಾವಿಗೆ ಅದು ತೊಲೆಯಿಂದ ಬಿಟ್ಟುಕೊಂಡು ಅಲುಗಾಡುತ್ತಿತ್ತು, ಅದಕ್ಕೇ ಗಾಜು ಒಡೆದಿತ್ತು.

ಚುನಾವಣೆಗೆ ಹತ್ತು ದಿನವಿದ್ದಾಗ ಆ ವರದಿ ಅವಳ ಕೈ ಸೇರಿತು. ಉಪಾಧ್ಯಕ್ಷ ಅದನ್ನು ಓದಿ ಕುರ್ಚಿಯಲ್ಲಿ ಹಿಗ್ಗಿ ಕೂತ. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯ್ತಲ್ಲ ಅಕ್ಕ. ನಾಳೆ ನೀವೇ ಹೋಗಿ ಬೀಗ ತೆಗೀರಿ. ಬೇಜಾರಾಗಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ ಅಂತ ಒಂದು ಮಾತು ಹೇಳಿ. ನಿಮ್ಮವರ ಮತ ಎಲ್ಲಾ ವಾಪಸ್."

ನರ್ಸಮ್ಮ ವರದಿಯನ್ನು ಮೊದಲಿನಿಂದ ಓದಿದಳು. ಒಂದು ಸಾಲಿನ ಹತ್ತಿರ ಬಂದು ನಿಂತಳು. ಗಾಜನ್ನು ತೊಲೆಗೆ ಅಂಟಿಸುವ ಬದಲು ಗಾರೆಗೆ ಅಂಟಿಸಿದ್ದೇ ತಪ್ಪು ಎಂದು ಅಲ್ಲಿ ಬರೆದಿತ್ತು. ಸುತ್ತಿಗೆಯನ್ನು ಕರೆಸಿದಳು.

"ಹಳಿ ಆಚೆಯವರ ಮಂದಿರದಲ್ಲಿ ಗಾಜು ಎಲ್ಲಿ ಅಂಟಿಸಿದ್ದೆ?"

ಅವನು ನೆಲ ನೋಡಿದ. "ಅಲ್ಲೂ ಗಾರೆ ಮೇಲೇ ಮೇಡಂ. ಯಾವಾಗಲೂ ಹಾಗೇ ಮಾಡ್ತಿದ್ದೆ. ನನಗೆ ಹೇಳಿಕೊಟ್ಟವರೂ ಹಾಗೇ ಮಾಡ್ತಿದ್ರು."

"ಅಲ್ಲಿ ತೊಲೆ ಹೇಗಿತ್ತು?"

"ಇನ್ನೇನು ಗೊತ್ತಾಗುತ್ತೆ? ಉಪ್ಪರಿಗೆ ಜೊತೆ ಅದನ್ನೂ ಇಳಿಸಿಬಿಟ್ರು. ಮರ ಗಟ್ಟಿಯಾಗೇ ಇತ್ತು ಅಂತ ಅವರಲ್ಲೊಬ್ಬ ಬಡಗಿ ಹಿರಿಯರು ಆವತ್ತೇ ಅಂದ್ರು. ನಾನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ."

ವಾರ ವಾರವೂ ತಾನು ಮಾಡಿದ ಪ್ರಾರ್ಥನೆ ನೆನಪಾಗಿ ನರ್ಸಮ್ಮನಿಗೆ ಕಿವಿಯವರೆಗೆ ನಾಚಿಕೆ ಹತ್ತಿತು.

ಉಪಾಧ್ಯಕ್ಷ ಅವಳ ಮುಖ ನೋಡಿಯೇ ಎದ್ದು ನಿಂತ. "ಬೇಡ ಅಕ್ಕ. ಅವರು ಕೇಳಿಲ್ಲ. ಯಾರಿಗೂ ಗೊತ್ತಿಲ್ಲ. ಮುಗಿದ ಕತೆ ಅದು. ಈಗ ಹೋಗಿ ಬಾಯಿ ಬಿಟ್ರೆ ಆ ಕಡೆಯವರು ಬೈತಾರೆ, ಅವರ ಕಾಲಿಗೆ ಬಿದ್ಲು ಅಂತ ಈ ಕಡೆಯವರೂ ಬೈತಾರೆ. ಹತ್ತು ದಿನ ತಡ್ಕೊಳ್ಳಿ. ಗೆದ್ದ ಮೇಲೆ ಹೇಳಿ."

"ಗೆದ್ದ ಮೇಲೆ ಹೇಳೋದು ಸುಲಭ," ಎಂದಳು ನರ್ಸಮ್ಮ. "ಅದಕ್ಕೇ ಬೇಡ."

ಮಂದಿರದ ಬೀಗವನ್ನು ಮರುದಿನ ತೆಗೆದಳು. ಗಂಡನ ಮುಖ ಎಷ್ಟೋ ದಿನದ ಮೇಲೆ ಅರಳಿತು. ತಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳಿದಾಗ ಅದು ಮತ್ತೆ ಮುದುಡಿತು. "ನಮ್ಮವರು ಇನ್ನೂ ಒಳಗೆ ಬಂದು ಕೂತಿಲ್ಲ, ನೀನಾಗಲೇ ಅಲ್ಲಿಗೆ ಹೊರಟ್ಯಾ?" ಎಂದ. ಅವಳು ಚಪ್ಪಲಿ ಮೆಟ್ಟಿದಳು. ಅವನು ಬಾಗಿಲವರೆಗೂ ಬಂದು, ಇನ್ನೇನೋ ಹೇಳುವವನಿದ್ದು, "ಬಿಸಿಲಿದೆ, ಕೊಡೆ ತಗೊಂಡು ಹೋಗು" ಎಂದಷ್ಟೇ ಅಂದ.

ಹಳಿ ಆಚೆಯವರ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಬಡಗಿ ಹಿರಿಯ ಮೆಟ್ಟಿಲ ಮೇಲೆ ಸಿಕ್ಕಿದ. ಉಪ್ಪರಿಗೆಯ ಕಟಕಟೆಯನ್ನು ಕೆತ್ತಿದವನು ಅವನ ಅಪ್ಪ; ಬಿಚ್ಚಿ ಇಳಿಸಿದವನು ಇವನು. ನರ್ಸಮ್ಮ ಕೊಡೆ ಮಡಚಿ, ನಿಂತಲ್ಲೇ, ಗಾಜಿನ ವಿಷಯ ಪೂರ್ತಿ ಹೇಳಿದಳು. ಮುದುಕ ಕೈ ಕಟ್ಟಿ ಕೇಳಿದ.

"ಮರ ಗಟ್ಟಿಯಾಗಿತ್ತು. ಗರಗಸ ಹಾಕುವಾಗಲೇ ನನಗೆ ಗೊತ್ತಾಯ್ತು," ಎಂದ.

"ಮತ್ತೆ ಯಾಕೆ ನನ್ನ ಹತ್ತಿರ ಬರಲಿಲ್ಲ ಯಜಮಾನ್ರೇ?"

ಅವನು ಹೆಗಲ ಟವೆಲನ್ನು ಸರಿಮಾಡಿಕೊಂಡ. "ನನ್ನೊಬ್ಬನ ಕಿವೀಲಿ ಹೇಳಿ ಹೋದ್ರೆ ಹೇಗಮ್ಮ? ಉಪ್ಪರಿಗೆ ನನ್ನದಲ್ಲ. ಒಳಗೆ ಬನ್ನಿ."

ಒಳಗೆ ಎದ್ದು ಹೊರಡುವುದರಲ್ಲಿದ್ದ ನೂರೈವತ್ತು ಜನ ಮತ್ತೆ ಕೂತರು. ಅವಳು ಮುಂದೆ ನಿಂತು ಎರಡನೆಯ ಸಲ ಹೇಳಿದಳು. ತಪ್ಪು ಪುರಸಭೆಯದ್ದು, ಸಹಿ ನನ್ನದು ಎಂದಳು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹೆಂಗಸೊಬ್ಬಳು ಕೇಳಿದಳು. "ನಿಮ್ಮ ಮಂದಿರಾನ ಎರಡನೇ ಸಲ ನೋಡಿಸಿದ್ರಿ. ನಮ್ಮದನ್ನ ಯಾಕೆ ನೋಡಿಸಲಿಲ್ಲ?"

ನೀವು ಕೇಳಲಿಲ್ಲವಲ್ಲ ಎಂಬ ಮಾತು ನರ್ಸಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳೇನಲ್ಲ, ಕಡತದಲ್ಲಿ ಅರ್ಜಿ ಇರಲಿಲ್ಲ. ಅದನ್ನು ನುಂಗಿಕೊಂಡಳು.

"ನನಗೆ ಹೊಳೀಲಿಲ್ಲ ತಾಯಿ," ಎಂದಳು. ದನಿ ಸಣ್ಣಗಾಗಿತ್ತು. "ನಮ್ಮವರು ಕೇಳಿದಾಗ ಅದು ಹಕ್ಕು ಅನ್ನಿಸ್ತು. ನೀವು ಸುಮ್ಮನಿದ್ದಾಗ ನಿಮಗೂ ಆ ಹಕ್ಕಿದೆ ಅಂತ ಅನ್ನಿಸಲೇ ಇಲ್ಲ. ಎರಡೂ ಕಡೆ ಮೂರು ಮೂರು ದಿನ ಕೊಟ್ಟೆ, ಅಷ್ಟಕ್ಕೇ ನ್ಯಾಯ ಆಯ್ತು ಅಂದ್ಕೊಂಡಿದ್ದೆ."

ಹಿಂದೆ ಎಲ್ಲೋ ಪಿಸುಮಾತು ಎದ್ದಿತು. ಬಡಗಿ ಹಿರಿಯ ಕತ್ತು ಉದ್ದ ಮಾಡಿ ಆ ಕಡೆ ನೋಡಿ, ನರ್ಸಮ್ಮನತ್ತ ತಿರುಗಿದ.

"ಕಂಬದ ಹಿಂದೆ ಕೂತಿರೋ ಹೆಂಗಸರಿಗೆ ಕೇಳಿಸಲಿಲ್ವಂತೆ," ಎಂದ. "ಉಪ್ಪರಿಗೆ ಇದ್ದಾಗ ಅವರಿಗೆ ಎಲ್ಲಾ ಕೇಳಿಸ್ತಿತ್ತು. ಇನ್ನೊಂದು ಸಲ ಹೇಳಿ."

ನರ್ಸಮ್ಮ ಗಂಟಲು ಸರಿಮಾಡಿಕೊಂಡು, ಕಂಬದ ಹಿಂದಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ಎಲ್ಲವನ್ನೂ ಇನ್ನೊಂದು ಸಲ ಹೇಳಿದಳು.