ಒಂದೂವರೆ ಪೈಸೆಯ ಮುಖ

ಒಂದು ಚಿತ್ರಕ್ಕೆ ತಿಂಗಳಿಗೆ ಒಂದೂವರೆ ಪೈಸೆ. ಮುಂಬಯಿಯ ಯಾವುದೋ ಕ್ಲೌಡ್ ಸರ್ವರಿನಲ್ಲಿ ನಲವತ್ತೊಂದು ಸಾವಿರ ಮದುವೆ ಚಿತ್ರಗಳನ್ನು ಇಡಲು ಆರುನೂರ ಹದಿನೈದು ರೂಪಾಯಿ. ತಿದ್ದದ ಮೂಲಗಳನ್ನೂ ಇಟ್ಟರೆ ಅದರ ನಾಲ್ಕು ಪಟ್ಟು. ಕಲೆ-ಕುಂದು ಇರುವ ಮುಖಕ್ಕೆ ಯಾರು ಬಾಡಿಗೆ ಕಟ್ಟುತ್ತಾರೆ? ಆಲ್ಬಮ್ ಕೊಟ್ಟ ವಾರವೇ ಫೋಟೋಗ್ರಾಫರ್ ಅಮ್ಜದ್ ಮೂಲಗಳನ್ನು ಅಳಿಸಿಬಿಡುತ್ತಿದ್ದ.

ಮೂರು ವರ್ಷ ಬಾಡಿಗೆ ಕಟ್ಟಿದ್ದ. ಒಂದೇ ಒಂದು ಚಿತ್ರವನ್ನೂ ವಾಪಸು ತರಿಸಿ ನೋಡಿರಲಿಲ್ಲ. ನಿನ್ನೆ ಕರೆಂಟು ಏರಿಳಿದು ಸಿಂಧನೂರಿನ ಅವನ ಸ್ಟುಡಿಯೋದ ಡಿಸ್ಕ್ ಸತ್ತಿತು. ಇವತ್ತು ಬಾಗಿಲು ತೆರೆಯುವ ಮೊದಲೇ ಗೊರೇಬಾಳದ ಆದಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮಗಳು ಮೌನೇಶ್ವರಿ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಮದುವೆಯ ಆಲ್ಬಮ್ ಬೀಗರ ಮನೆಯಲ್ಲಿತ್ತು, ಅವರು ಕೊಡಲೊಲ್ಲರು.

"ಅಕಿ ಮಾರಿ ಚಿತ್ರ ಒಂದ ಸಾಕು, ತಮ್ಮಾ. ಗ್ವಾಡಿಗೆ ಹಾಕಾಕ."

"ಬರಾಕತ್ತೈತಿ, ಯಮ್ಮಾ. ಕುಂದರ್ರಿ."

"ಎಲ್ಲಿಂದ?"

"ಮುಂಬೈದಿಂದ. ಬಾಡಿಗಿ ಜಾಗಾದಾಗ ಇಟ್ಟೀನಿ."

"ನೀ ನೋಡೀಯೇನು ಆ ಜಾಗಾ?"

ಅಮ್ಜದ್ ಪಾಸ್‌ವರ್ಡ್ ಒತ್ತತೊಡಗಿದ.

"ಇರ್ಲಿ ಬಿಡು. ಮಸ್ಕಿ ದಾಟದಾಕಿ ನನ್ನ ಮಗಳು ಮುಂಬೈ ಕಂಡ್ಳು." ಆದಮ್ಮ ನಗಲಿಲ್ಲ.

ಚಿತ್ರ ಇಳಿಯಿತು. ಬಾಸಿಂಗದ ಒಂದು ಮಣಿಯೂ ಕಡಿಮೆಯಾಗಿರಲಿಲ್ಲ. ಕೆನ್ನೆಯ ಅರಿಶಿನ ಇನ್ನೂ ಹಸಿಯಾಗಿದ್ದಂತಿತ್ತು. ಚಿತ್ರ ಹೇಗೆ ಬರುತ್ತದೆಂದು ಎಂಎಸ್ಸಿ ಓದಿದ ಅಮ್ಜದನಿಗೆ ಗೊತ್ತಿತ್ತು. ಆದರೂ ದರ್ಗಾದ ಹೊಸ್ತಿಲಲ್ಲಿ ಆಗುವಂತೆ ಕೈ ತಾನಾಗಿ ತಲೆ ಮುಚ್ಚಲು ಹೋಯಿತು.

ಹಿಂದೆಯೇ ಆ ಮದುವೆಯ ಉಳಿದ ಚಿತ್ರಗಳೂ ಸಾಲಾಗಿ ಬಂದವು. ಮದುಮಗಳು, ಬೀಗಿತಿಯರು, ಮಕ್ಕಳು. ಎಲ್ಲರದೂ ಒಂದೇ ನುಣುಪು, ಒಂದೇ ಬಿಳುಪು. ಒಬ್ಬಳೇ ತಾಯಿ ಹಡೆದಂತೆ. ಎಲ್ಲರನ್ನೂ ಹೀಗೆ ತಿದ್ದಿದ್ದು ಈ ಕೈಯೇ ಅಲ್ಲವೇ ಎಂದು ಅವನು ತನ್ನ ಬೆರಳುಗಳನ್ನು ನೋಡಿಕೊಂಡ.

ಆದಮ್ಮ ಪರದೆಯ ಹತ್ತಿರ ಬಗ್ಗಿದಳು.

"ಹುಬ್ಬಿನ ಮ್ಯಾಲಿನ ಕಲಿ ಎಲ್ಲೈತಿ? ಸಣ್ಣಾಕಿದ್ದಾಗ ಕಾಲುವಿ ಮೆಟ್ಟಲ ಮ್ಯಾಲ ಬಿದ್ದಿದ್ಲು."

"ತೆಗದಿದ್ದೆ, ಯಮ್ಮಾ. ನೀವ..."

"ಹೌದು. ಬೀಗರು ನೋಡ್ತಾರ, ತೆಗಿ ಅಂತ ನಾನ ಅಂದಿದ್ನಿ." ಸೆರಗಿನ ತುದಿಯಿಂದ ಪರದೆ ಒರೆಸಿದಳು. "ಈಗ ಇಡು."

ಅವನು ಮೌಸ್ ಹಿಡಿದ. ಆ ಕಲೆ ಇರುವ ಚಿತ್ರ ಈಗ ಸಿಂಧನೂರಿನಲ್ಲೂ ಇರಲಿಲ್ಲ, ಮುಂಬಯಿಯಲ್ಲೂ ಇರಲಿಲ್ಲ.

"ಯಾವ ಹುಬ್ಬು?"

ಆದಮ್ಮನ ಬೆರಳು ಅವಳದೇ ಎಡಹುಬ್ಬಿಗೆ ಹೋಯಿತು. ಮಗಳ ಮುಖ ನೋಡಿದಳು. ಬೆರಳು ಬಲಕ್ಕೆ ಸರಿಯಿತು, ಮತ್ತೆ ಎಡಕ್ಕೆ ಬಂತು, ಕೊನೆಗೆ ಎರಡರ ನಡುವೆ ಗಾಳಿಯಲ್ಲಿ ನಿಂತುಬಿಟ್ಟಿತು.

ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ಮೂಡಿದವು: ಮುನ್ನೂರ ಹನ್ನೆರಡು ಚಿತ್ರಗಳಲ್ಲಿ ಮುನ್ನೂರ ಹನ್ನೆರಡೂ ಬಂದಿವೆ. ಒಂದೂ ಕಳೆದಿಲ್ಲ.