ಎಡ ಹಿಮ್ಮಡಿ

ಮಾಲೂರು ತಂಡದ ಹುಡುಗಿ, ಎದುರಾಳಿ ಶಿರೀಷಾಳ ಮುಖ ನೋಡಲಿಲ್ಲ, ಭುಜ ನೋಡಲಿಲ್ಲ. ತಲೆ ಬಗ್ಗಿಸಿ ಅವಳ ಎಡ ಹಿಮ್ಮಡಿಯನ್ನೇ ನೋಡುತ್ತ ಅಟ್ಟಿಸಿಕೊಂಡು ಬಂದಳು. ಕೋಲಾರದ ಮೈದಾನದ ಗೆರೆಯಾಚೆ ನಿಂತಿದ್ದ, ಶಿರೀಷಾಳ ಶಾಲೆಯ ಪಿ.ಟಿ. ಮೇಷ್ಟ್ರು ಗಂಗಾಧರ್‌ಗೆ ಆ ಹುಡುಗಿಯ ಕಣ್ಣು ಎಲ್ಲಿದೆಯೆಂದು ಗೊತ್ತಾಯಿತು. ಅಷ್ಟರಲ್ಲೇ ಶಿರೀಷಾ ಔಟಾದಳು.

ಖೊಖೊದಲ್ಲಿ ಅಟ್ಟಿಸಿಕೊಂಡು ಬರುವವಳು ಒಮ್ಮೆ ಒಂದು ಕಡೆ ತಿರುಗಿದರೆ ಮುಗಿಯಿತು, ವಾಪಸು ಬರುವಂತಿಲ್ಲ. ಬಲಕ್ಕೆ ಹೋಗುವವಳ ಹಾಗೆ ಭುಜ ಬಗ್ಗಿಸಿ ಎಡಕ್ಕೆ ಹಾರುವುದರಲ್ಲಿ ಶಿರೀಷಾ ಬಲು ಘಾಟಿ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅವಳನ್ನು ಮುಟ್ಟಿದವರೇ ಇರಲಿಲ್ಲ. ಈ ಸಲದ ಜಿಲ್ಲಾ ಪಂದ್ಯದಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲು, ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ. "ಹಾಸ್ಟೆಲ್ ಸಿಕ್ಕಿದ್ರೆ ಆಡ್ಕೊ, ಇಲ್ದಿದ್ರೆ ಸುಮ್ನೆ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ಬಾ ಕಣೇ" ಎಂದು ತಾಯಿ ಆವಲಮ್ಮ ಹೇಳಿಬಿಟ್ಟಿದ್ದಳು.

ಹೋದ ತಿಂಗಳು ಮೇಷ್ಟ್ರು ಅವಳ ಓಟವನ್ನು ಹೊಸ ಫೋನಿನಲ್ಲಿ ಹಿಡಿದು, ಆ್ಯಪ್‌ಗೆ ಹಾಕಿ, ನಿಧಾನಕ್ಕೆ ಓಡಿಸಿ ನೋಡಿದ್ದರು. ಎಡಕ್ಕೆ ಹಾರುವ ಮುನ್ನ ಹಿಮ್ಮಡಿ ಚೂರೇ ಚೂರು ಏಳುತ್ತಿತ್ತು. ಗೊತ್ತಿಲ್ಲದವರ ಕಣ್ಣಿಗೆ ಬೀಳುವಂಥದ್ದಲ್ಲ. ಹೇಳಿದರೆ ಹುಡುಗಿ ಅದನ್ನೇ ಯೋಚಿಸಿ ತಡವರಿಸಿಯಾಳೆಂದು ಅವಳಿಗೆ ಹೇಳಲಿಲ್ಲ. ಹೇಳದೆ ಸುಮ್ಮನಾದರೂ ಇದ್ದರೇ? ತಾವು ಕಂಡುಹಿಡಿದದ್ದನ್ನು ನಾಲ್ಕು ಜನ ಮೆಚ್ಚಲಿ ಎಂಬ ಚಪಲಕ್ಕೆ ಹಿಮ್ಮಡಿಯ ಸುತ್ತ ಕೆಂಪು ಗೆರೆ ಎಳೆದು, ಜಿಲ್ಲೆಯ ಪಿ.ಟಿ. ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿಗೆ ಬಿಟ್ಟರು. ಮೊದಲು ಚಪ್ಪಾಳೆ ಹಾಕಿದವರು ಮಾಲೂರಿನ ಮೇಷ್ಟ್ರು ಕದಿರೇಶ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈಗಿನ ಕಾಲಕ್ಕೆ ವಿಡಿಯೊ ಬಿಟ್ಟರೂ ಹೋಯಿತು.

ಆಯ್ಕೆಯಾದವರ ಹೆಸರು ಕೂಗಿದರು. ಶಿರೀಷಾಳ ಹೆಸರಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವಳೇ ಹತ್ತಿರ ಬಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ಸಾರ್, ಇವತ್ತಿಂದೂ ಫೋನಲ್ಲಿ ಹಿಡಿದ್ರಲ್ಲಾ, ನಾನೇನು ತಪ್ಪು ಮಾಡ್ದೆ ನೋಡಿ ಹೇಳಿ."

ಮೇಷ್ಟ್ರು ಫೋನು ತೆಗೆದು, ಗೊತ್ತಿದ್ದದ್ದನ್ನೇ ಹುಡುಕುವವರ ಹಾಗೆ ನೋಡಿದರು. "ಎಡ ಹಿಮ್ಮಡಿ ಎತ್ತುತ್ತೀಯಮ್ಮಾ" ಎಂದರು.

"ಅಯ್ಯೋ, ಅಷ್ಟೇನಾ ಸಾರ್? ಮೊದ್ಲೇ ಗೊತ್ತಾಗಿದ್ರೆ ತಿದ್ಕೊಂತಿದ್ದೆ." ಆಮೇಲೆ ಅವರಿಗೇ ಸಮಾಧಾನ ಹೇಳುವಂತೆ ಅಂದಳು, "ಹೋಗ್ಲಿ ಬಿಡಿ. ನೀವಲ್ದೆ ಇನ್ಯಾರಿಗೆ ಸಾರ್ ಇದೆಲ್ಲಾ ಕಾಣ್ಸೋದು."

ಗ್ರೂಪಿಗೆ ಬಿಟ್ಟದ್ದನ್ನು ಹೇಳಿಬಿಡಬೇಕೆಂದುಕೊಂಡ ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು.

ಶಿರೀಷಾ ಬ್ಯಾಗನ್ನು ಕೆಳಗಿಟ್ಟು, ಹಿಮ್ಮಡಿ ನೆಲಕ್ಕೊತ್ತಿ, ಭುಜ ಬಗ್ಗಿಸಿ ಎಡಕ್ಕೆ ಹಾರಿದಳು. ಮತ್ತೆ ಹಾರಿದಳು. "ಈಗ ಸರಿಯಾ ಸಾರ್?" ಎಂದು ಕೇಳಿದಳು. ಬಸ್ಸಿಗೆ ಕಾಯುತ್ತಿದ್ದವರು ಜಾಗ ಬಿಟ್ಟು ಆಚೆ ಸರಿದು ನಿಂತರು.